ಮುಂಗೈಯಲ್ಲೊಂದು ಪ್ರತಿರೂಪಕ ವ್ಯವಹಾರ

ಸ್ವಿಟ್ಜರ್ಲೆಂಡಿನ ಹೆಸರಾಂತ ಗಡಿಯಾರ ಸಂಸ್ಥೆಗಳ ಮುದ್ರೆಯನ್ನು ಹೊತ್ತು, ಆ ಸಂಸ್ಥೆಗಳೊಡನೆ ಯಾವ ಸಂಬಂಧವೂ ಇಲ್ಲದೆ ತಯಾರಾಗುವ ಕೈಗಡಿಯಾರಗಳಿಗೆ ಬಜಾರಿನಲ್ಲಿ ‘ಫಸ್ಟ್ ಕಾಪಿ’ ಎಂಬ ಗೌರವದ ಹೆಸರು ಬಂದುಬಿಟ್ಟಿದೆ. ನಕಲಿ ಎಂದರೆ ಕೊಳ್ಳುವವನ ಕಿವಿಗೆ ಒರಟಾಗಿ ಕೇಳಿಸುತ್ತದೆ. ಮೊದಲ ಪ್ರತಿ ಎಂದರೆ ಮೂಲದ ಪಕ್ಕದ ಆಸನದಲ್ಲೇ ಕುಳಿತಂತೆ ಭಾಸವಾಗುತ್ತದೆ. ಹೀಗೆ ಕೊಂಡವರಲ್ಲಿ ಶ್ರಾವಕ ಮನೆತನಗಳವರೂ ಇದ್ದಾರೆಂಬುದನ್ನು ಪಂಚಕಲ್ಯಾಣ ಮಹೋತ್ಸವಗಳ ಸಭಾಮಂಟಪದಲ್ಲಿಯೂ ವಿವಾಹ ಸಮಾರಂಭಗಳಲ್ಲಿಯೂ ಕಣ್ಣಿದ್ದವರು ಕಾಣಬಹುದು. ಕೊಂಡವರು ಅದನ್ನು ಮುಚ್ಚಿಡುವುದೂ ಇಲ್ಲ. ಆಪ್ತರ ನಡುವೆ ಮೂಲದ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿ, ‘ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದೇ, ಬೆಲೆ ಮಾತ್ರ ನೂರರಲ್ಲಿ ಒಂದು ಪಾಲು’ ಎಂದು ಹೆಮ್ಮೆಪಡುತ್ತಾರೆ. ಅಪರಿಗ್ರಹಕ್ಕೆ ಇದೇ ಹತ್ತಿರವಾದ ಮಾರ್ಗವೆಂದು ವಾದಿಸುವ ಧೈರ್ಯವನ್ನೂ ಕೆಲವರು ತೋರುತ್ತಾರೆ.

ಈ ಹೋಲಿಕೆಯನ್ನು ಒಮ್ಮೆ ಪೂರ್ತಿಯಾಗಿ, ಯಂತ್ರದ ದೃಷ್ಟಿಯಿಂದಲೂ ವ್ರತದ ದೃಷ್ಟಿಯಿಂದಲೂ, ಮಾಡಿ ನೋಡುವುದು ಒಳ್ಳೆಯದು. ಪ್ರತಿಯು ಮೂಲಕ್ಕೆ ಎಷ್ಟು ಹತ್ತಿರವಾಗಿದೆಯೆಂದು ಸಿದ್ಧವಾದಷ್ಟೂ ಅದನ್ನು ಕಟ್ಟಿಕೊಂಡವನ ದೋಷ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ನಕಲು ಮಾಡುವವರಿಗೆ ಅತ್ಯಂತ ಪ್ರಿಯವಾದ ಗಡಿಯಾರಗಳಲ್ಲಿ ‘ಟೂರ್ಬಿಯೋನ್’ ಜಾತಿಯದೂ ಒಂದು. ಫ್ರೆಂಚ್ ಭಾಷೆಯಲ್ಲಿ ಇದಕ್ಕೆ ಸುಂಟರಗಾಳಿ ಎಂದರ್ಥ. ೧೭೪೭ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಅಬ್ರಹಾಂ ಲೂಯಿ ಬ್ರೆಗೆ ಎಂಬ ಮಹಾಕುಶಲಿಯು ಇದನ್ನು ರೂಪಿಸಿ, ೧೮೦೧ರ ಜೂನ್ ೨೬ರಂದು ಹಕ್ಕುಪತ್ರ ಪಡೆದನು. ಆ ಕಾಲದ ಗಡಿಯಾರಗಳು ಮುಂಗೈಯಲ್ಲಿರಲಿಲ್ಲ. ಅಂಗಿಯ ಜೇಬಿನಲ್ಲಿ ದಿನವಿಡೀ ನೆಟ್ಟಗೆ ನಿಂತಿರುತ್ತಿದ್ದವು. ಗಡಿಯಾರದ ಪ್ರಾಣವೆನಿಸಿದ ಬ್ಯಾಲೆನ್ಸ್ ಚಕ್ರದ ಸುತ್ತಳತೆಯಲ್ಲಿ ಒಂದೆಡೆ ಕೂದಲೆಳೆಯಷ್ಟು ಭಾರ ಹೆಚ್ಚಿದ್ದರೂ, ನೆಟ್ಟಗೆ ನಿಂತ ಸ್ಥಿತಿಯಲ್ಲಿ ಭೂಮಿಯ ಸೆಳೆತಕ್ಕೆ ಸಿಕ್ಕಿ ಅದರ ತೂಗಾಟ ವೇಗವಾಗುತ್ತದೆ ಇಲ್ಲವೇ ನಿಧಾನವಾಗುತ್ತದೆ. ಬ್ರೆಗೆಯು ಆ ಚಕ್ರವನ್ನೂ ಅದರ ಹೇರ್ ಸ್ಪ್ರಿಂಗನ್ನೂ ಅದಕ್ಕೆ ತಾಳ ಕೊಡುವ ಹಲ್ಲುಚಕ್ರವನ್ನೂ ಒಂದು ಪುಟ್ಟ ಪಂಜರದೊಳಗಿಟ್ಟು, ಪಂಜರವೇ ಸುತ್ತುತ್ತಿರುವಂತೆ ಮಾಡಿದನು. ಭಾರದ ಬಿಂದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರುವುದರಿಂದ ಒಂದು ದಿಕ್ಕಿನ ತಪ್ಪನ್ನು ಇನ್ನೊಂದು ದಿಕ್ಕಿನ ತಪ್ಪು ಅಳಿಸುತ್ತದೆ. ಇಂದಿನ ಕೈಗಡಿಯಾರಗಳಲ್ಲಿ ಆ ಪಂಜರ ಸಾಮಾನ್ಯವಾಗಿ ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಹಲವು ಹತ್ತು ಬಿಡಿಭಾಗಗಳಿದ್ದರೂ ಅದರ ತೂಕ ಒಂದು ಗ್ರಾಮಿಗಿಂತ ಕಡಿಮೆ. ಮುಖಫಲಕದಲ್ಲಿ ಕಿಂಡಿ ಕೊರೆದು ಈ ಸುತ್ತಾಟವನ್ನು ನೋಡುವವರಿಗೆಂದೇ ತೆರೆದಿಡಲಾಗುತ್ತದೆ.

ಬ್ರೆಗೆಯ ಜೀವನದ ಇನ್ನೊಂದು ಸಂಗತಿ ಇಲ್ಲಿಗೆ ಹೆಚ್ಚು ಪ್ರಸ್ತುತ. ಅವನ ಕೀರ್ತಿ ಹಬ್ಬಿದ ಕೂಡಲೇ ಅವನ ಹೆಸರನ್ನು ಕೆತ್ತಿದ ಕಳಪೆ ಗಡಿಯಾರಗಳು ಯೂರೋಪಿನ ಪೇಟೆಗಳನ್ನು ತುಂಬಿದವು. ಬೇಸತ್ತ ಅವನು ೧೭೯೫ರ ಸುಮಾರಿಗೆ ಮುಖಫಲಕದ ಮೇಲೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಷ್ಟು ಸೂಕ್ಷ್ಮವಾದ ಗುಪ್ತ ರುಜುವನ್ನು ಕೆತ್ತಿಸತೊಡಗಿದನು. ಅಂದರೆ ಟೂರ್ಬಿಯೋನ್ ಹುಟ್ಟುವ ಮೊದಲೇ ಅದರ ಜನಕನ ಹೆಸರು ಕದಿಯಲ್ಪಟ್ಟಿತ್ತು. ಫಸ್ಟ್ ಕಾಪಿಯೆಂಬುದು ಹೊಸ ಯುಗದ ಜಾಣ್ಮೆಯೆಂದು ತಿಳಿದವರು ಇದನ್ನು ಗಮನಿಸಬೇಕು.

ಇನ್ನು ಮೂಲವನ್ನೂ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದಾದರೆ, ಪ್ರತಿಗಳಲ್ಲಿ ಎರಡು ದರ್ಜೆಗಳಿವೆ. ಕೆಳದರ್ಜೆಯದರಲ್ಲಿ ಟೂರ್ಬಿಯೋನ್ ಇರುವುದೇ ಇಲ್ಲ. ಸಾಮಾನ್ಯ ಗಡಿಯಾರದ ಮುಖಫಲಕಕ್ಕೆ ಕಿಂಡಿ ಕೊರೆದು, ಒಳಗೆ ತೂಗಾಡುವ ಬ್ಯಾಲೆನ್ಸ್ ಚಕ್ರವನ್ನು ಕಾಣುವಂತೆ ಮಾಡಿ, ಅದನ್ನೇ ಟೂರ್ಬಿಯೋನ್ ಎಂದು ಮಾರುತ್ತಾರೆ. ಒಂದು ನಿಮಿಷ ತಾಳ್ಮೆಯಿಂದ ನೋಡಿದರೆ ಗುಟ್ಟು ಬಯಲಾಗುತ್ತದೆ: ಚಕ್ರ ನಿಂತಲ್ಲೇ ಹಿಂದೆ ಮುಂದೆ ತೂಗುತ್ತದೆ, ಅದನ್ನು ಹೊತ್ತ ಸೇತುವೆ ಅಲುಗುವುದಿಲ್ಲ. ಮೇಲ್ದರ್ಜೆಯದರಲ್ಲಿ ನಿಜವಾದ ಟೂರ್ಬಿಯೋನ್ ಇರುತ್ತದೆ. ಚೀನಾದ ಕಾರ್ಖಾನೆಗಳು ಅಂಥ ಯಂತ್ರವನ್ನು ಕೆಲವು ನೂರು ಡಾಲರುಗಳಿಗೆ ತಯಾರಿಸುವಷ್ಟು ನೈಪುಣ್ಯ ಗಳಿಸಿವೆ. ಪಂಜರ ಸುತ್ತುತ್ತದೆ, ಸಮಯವೂ ಹೆಚ್ಚುಕಡಿಮೆ ಸರಿಯಾಗಿಯೇ ನಡೆಯುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಬೇಕು. ಬ್ರೆಗೆ ಸಂಸ್ಥೆಯ ಮುಖಫಲಕದ ಮೇಲಿನ ಅಲೆಯಂಥ ಗೀರುಗಳನ್ನು ಕುಶಲಕರ್ಮಿಯು ಕೈಯಿಂದ ನಡೆಸುವ ಯಂತ್ರದಲ್ಲಿ ಒಂದೊಂದಾಗಿ ಕೊರೆಯುತ್ತಾನೆ. ಪ್ರತಿಯಲ್ಲಿ ಅವು ಅಚ್ಚೊತ್ತಿದವು, ಅಂಚು ಮಬ್ಬು. ಉಕ್ಕಿನ ಬಿಡಿಭಾಗಗಳ ಒಳಮೂಲೆಗಳನ್ನು ಚೂಪಾಗಿ ಉಜ್ಜಿ ಹೊಳಪಿಸುವ ಕೆಲಸ ಇಂದಿಗೂ ಕೈಗೇ ಮೀಸಲು. ಪ್ರತಿಯಲ್ಲಿ ಆ ಮೂಲೆಗಳು ಗುಂಡಗಿರುತ್ತವೆ. ಗುಪ್ತ ರುಜುವನ್ನು ಕೂಡ ಕೆಲವರು ಅನುಕರಿಸುತ್ತಾರೆ. ಕೆಟ್ಟುನಿಂತಾಗ ಮೂಲ ಸಂಸ್ಥೆಯ ದುರಸ್ತಿ ಕೇಂದ್ರ ಅದನ್ನು ಮುಟ್ಟುವುದಿಲ್ಲ.

ಹಾಗಾದರೆ ಮೂಲವೇ ಶ್ರೇಷ್ಠ ಎಂದು ತೀರ್ಪು ಕೊಟ್ಟು ಮುಗಿಸಬಹುದೇ? ಅಷ್ಟು ಸುಲಭವಲ್ಲ. ಜೇಬಿನಲ್ಲಿ ನೆಟ್ಟಗೆ ನಿಲ್ಲುವ ಗಡಿಯಾರಕ್ಕೆಂದು ಹುಟ್ಟಿದ ಈ ಉಪಾಯಕ್ಕೆ, ದಿನವಿಡೀ ಕೈಯೊಡನೆ ತಿರುಗಾಡುತ್ತ ತಾನೇ ನೂರು ದಿಕ್ಕಿಗೆ ಹೊರಳುವ ಕೈಗಡಿಯಾರದಲ್ಲಿ ದೊಡ್ಡ ಪ್ರಯೋಜನವಿಲ್ಲವೆಂಬುದನ್ನು ಗಡಿಯಾರ ಕುಶಲರಲ್ಲೇ ಅನೇಕರು ಒಪ್ಪಿಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ಉತ್ತೀರ್ಣವಾಗುವ ಯಾಂತ್ರಿಕ ಗಡಿಯಾರವು ಸರಾಸರಿ ದಿನಕ್ಕೆ ೪ ಸೆಕೆಂಡು ಹಿಂದೆ ಬೀಳಬಹುದು, ೬ ಸೆಕೆಂಡು ಮುಂದೆ ಓಡಬಹುದು. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ, ಕೆಲವೇ ನೂರು ರೂಪಾಯಿಗಳದು, ತಿಂಗಳಿಗೆ ೧೫ ಸೆಕೆಂಡಿನಷ್ಟು ತಪ್ಪಿದರೆ ಹೆಚ್ಚು. ಸಾಮಾಯಿಕಕ್ಕೆ ಕುಳಿತ ಶ್ರಾವಕನಿಗೆ ೪೮ ನಿಮಿಷಗಳ ಮುಹೂರ್ತವನ್ನು ತಿಳಿಸಲು ಅದು ಧಾರಾಳ ಸಾಕು; ಹಿಂದಿನವರಿಗೆ ನೀರಿನಲ್ಲಿ ತೇಲಿಬಿಟ್ಟ ಗಳಿಗೆ ಬಟ್ಟಲೇ ಸಾಕಾಗಿತ್ತು.

ಇಲ್ಲಿಯೇ ವಾದದ ಗಂಟು ಬಿಚ್ಚಿಕೊಳ್ಳುತ್ತದೆ. ಮೂಲವನ್ನಾಗಲಿ ಪ್ರತಿಯನ್ನಾಗಲಿ ಯಾರೂ ಸಮಯ ನೋಡುವುದಕ್ಕೆ ಕೊಳ್ಳುವುದಿಲ್ಲ. ಮೂಲವನ್ನು ಕೊಂಡವನು ಕುಶಲಿಯ ಅನೇಕ ದಿನಗಳ ಶ್ರಮವನ್ನೂ ಮುಖಫಲಕದ ಮೇಲಿನ ಹೆಸರನ್ನೂ ಹಣ ತೆತ್ತು ಕೊಳ್ಳುತ್ತಾನೆ. ಪ್ರತಿಯಲ್ಲಿ ಆ ಶ್ರಮವಿಲ್ಲ, ಉಳಿದದ್ದು ಹೆಸರು. ಸುತ್ತುವ ಪಂಜರವೇ ಬೇಕಿದ್ದರೆ ಅದನ್ನು ಪ್ರಾಮಾಣಿಕವಾಗಿ ಕೊಳ್ಳುವ ದಾರಿ ತೆರೆದೇ ಇದೆ: ತಿಯಾನ್‌ಜಿನ್ ನಗರದ ಸೀಗಲ್ ಸಂಸ್ಥೆಯು ಟೂರ್ಬಿಯೋನ್ ಯಂತ್ರಗಳನ್ನು ತಯಾರಿಸಿ ತನ್ನದೇ ಹೆಸರಿನಲ್ಲಿ ಮಾರುತ್ತದೆ, ಯಾರ ಹೆಸರನ್ನೂ ಎರವಲು ಪಡೆಯದೆ. ಆ ಗಡಿಯಾರ ಸಿಗುವಾಗಲೂ ಅದನ್ನು ಬಿಟ್ಟು, ಬಹುಶಃ ಅದೇ ಬಗೆಯ ಯಂತ್ರದ ಮೇಲೆ ಪರರ ಹೆಸರು ಒತ್ತಿದ್ದನ್ನು ಆರಿಸಿಕೊಂಡವನಿಗೆ ಬೇಕಾದದ್ದು ಯಂತ್ರವಲ್ಲವೆಂಬುದು ಅವನ ಆಯ್ಕೆಯಿಂದಲೇ ಸ್ಪಷ್ಟ. ಅವನು ಹಣ ಕೊಟ್ಟದ್ದು, ಕದ್ದು ತಂದ ಒಂದು ಹೆಸರಿಗೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಐದನೆಯದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ, ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯವಹಾರವೆಂಬ ಅರ್ಥವನ್ನು ಕೊಟ್ಟಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇದನ್ನೇ ಸದೃಶಸನ್ಮಿಶ್ರವೆಂಬ ಹೆಸರಿನಿಂದ ಗುರುತಿಸುತ್ತದೆ. ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲಿಯೂ ಆನಂದ ಶ್ರಾವಕನು ವ್ರತ ಸ್ವೀಕರಿಸುವ ಸಂದರ್ಭದಲ್ಲಿ ಇದೇ ಐದರ ಎಣಿಕೆ ಬರುತ್ತದೆ. ಪಂಥಭೇದಗಳ ನಡುವೆ ಹೀಗೆ ಒಮ್ಮತವಿರುವ ವಿಷಯ ಅಪರೂಪ. ಮುಂಗೈಗೆ ಕಟ್ಟುವ ಯಂತ್ರವನ್ನು ಆ ಆಚಾರ್ಯರು ಕಂಡಿರಲಿಲ್ಲ. ಆದರೆ ಫಸ್ಟ್ ಕಾಪಿಗೆ ಪ್ರತಿರೂಪಕಕ್ಕಿಂತ ಒಪ್ಪುವ ಹೆಸರನ್ನು ಇಂದಿನವರು ಹುಡುಕಿದರೂ ಸಿಗಲಾರದು.

‘ಪ್ರತಿರೂಪಕ ವ್ಯವಹಾರವೆಂದರೆ ಮಾರುವವನ ದೋಷ; ಅಂಗಡಿಯವನು ನಕಲೆಂದು ಹೇಳಿಯೇ ಮಾರಿದ, ತಿಳಿದೇ ಕೊಂಡೆವು, ಇಲ್ಲಿ ವಂಚನೆಗೊಳಗಾದವರು ಯಾರು?’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಎರಡನೆಯ ಅತಿಚಾರವನ್ನು ಓದಿದವರು ಇದನ್ನು ಹೇಳಲಾರರು. ಕದಿಯಲು ಪ್ರೇರಿಸದೆ, ಕದ್ದದ್ದಕ್ಕೆ ಸಮ್ಮತಿಸದೆ ಇದ್ದರೂ, ಕಳ್ಳನು ತಂದದ್ದನ್ನು ಸ್ವೀಕರಿಸುವುದೇ ತದಾಹೃತಾದಾನ. ಕೊಳ್ಳುವವನಿಗೆಂದೇ ಶಾಸ್ತ್ರಕಾರರು ಪ್ರತ್ಯೇಕವಾಗಿ ತೆರೆದಿಟ್ಟ ಕಲಮು ಇದು. ಅಲ್ಲದೆ, ಅಂಗಡಿಯ ಕಟ್ಟೆಯಲ್ಲಿ ನಕಲೆಂದು ಹೇಳಿದ ಮಾತು ಅಂಗಡಿಯ ಬಾಗಿಲಲ್ಲೇ ಉಳಿಯುತ್ತದೆ. ಗಡಿಯಾರ ಮಾತ್ರ ಸಭೆಗೆ ಬರುತ್ತದೆ. ಅಂಗಿಯ ತೋಳು ಅರ್ಧ ಮಡಿಸಿಕೊಂಡು ಬರುತ್ತದೆ. ಅಲ್ಲಿ ಅದನ್ನು ನೋಡುವವರಿಗೆ ಯಾರೂ ನಕಲೆಂದು ಹೇಳುವುದಿಲ್ಲ. ವಂಚನೆಗೊಳಗಾದವರು ಯಾರೆಂಬ ಪ್ರಶ್ನೆಗೆ ಉತ್ತರ ಆ ಸಭೆಯಲ್ಲಿ ಕುಳಿತಿರುತ್ತದೆ. ಪ್ರತಿಯು ಕಳಪೆಯಾಗಿದ್ದರೆ ಮೋಸಹೋಗುವವರು ನಾಲ್ವರು, ಉತ್ತಮವಾಗಿದ್ದರೆ ನಾನೂರು ಜನ. ತೊಂಬತ್ತೊಂಬತ್ತು ಪಾಲು ಅದೇ ಎಂದು ಹೊಗಳುವಾತನು ಹೊಗಳುತ್ತಿರುವುದು ಈ ಎರಡನೆಯ ಎಣಿಕೆಯನ್ನು.

ಚಿನ್ನದ ಪೇಟೆಯ ನಡವಳಿಕೆಯನ್ನು ಬಲ್ಲವರಿಗೆ ಈ ಭೇದ ಹೊಸದಲ್ಲ. ಒಂದು ಗ್ರಾಂ ಚಿನ್ನದ ಆಭರಣಗಳು ಇಂದು ಊರೂರಿನಲ್ಲಿ ಮಾರಾಟವಾಗುತ್ತವೆ. ಹಿಂದೆ ಉಮಾಗೋಲ್ಡ್ ಎಂಬುದಿತ್ತು. ಬಡವರ ಮನೆಯ ಹೆಣ್ಣುಮಗಳು ಅದನ್ನು ಧರಿಸಿ ಹಬ್ಬಕ್ಕೆ ಹೋದರೆ ಯಾರೂ ಕಳವೆನ್ನುವುದಿಲ್ಲ, ಏಕೆಂದರೆ ಅದು ತನ್ನ ಹೆಸರಿನಲ್ಲೇ ಮಾರಾಟವಾಗುತ್ತದೆ, ಅದರ ಬೆಲೆಯೂ ಅದರದೇ. ಅದೇ ಸರದ ಕೊಂಡಿಯ ಮೇಲೆ ೯೧೬ರ ಮುದ್ರೆಯನ್ನು ಒತ್ತಿದರೆ ಏನಾಗುತ್ತದೆಂದು ಆಭರಣ ವ್ಯಾಪಾರದಲ್ಲಿರುವ ಯಾವ ಶ್ರಾವಕನನ್ನು ಕೇಳಿದರೂ ಹೇಳಿಯಾನು. ಅಂಥವನು ತನ್ನ ಅಂಗಡಿಯಿಂದ ಹೊರಗಟ್ಟುವ ಕೆಲಸಗಾರನ ಅಪರಾಧವನ್ನೇ ತನ್ನ ಮುಂಗೈಯಲ್ಲಿ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವುದು ವಿಪರ್ಯಾಸ.

ಅಪರಿಗ್ರಹದ ವಾದಕ್ಕೆ ಹೆಚ್ಚು ಮಾತು ಬೇಕಾಗಿಲ್ಲ. ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ವಸ್ತುವಿನ ಬೆಲೆಯನ್ನೂ ತೂಕವನ್ನೂ ಎತ್ತಲಿಲ್ಲ, ಮೂರ್ಛೆಯನ್ನು ಹೇಳಿದರು. ವಸ್ತುವಿನಲ್ಲಿ ಮಮಕಾರದಿಂದ ಮೈಮರೆಯುವ ಚಿತ್ತಸ್ಥಿತಿ ಅದು. ಐವತ್ತು ಲಕ್ಷದ ಗಡಿಯಾರದ ಮೇಲಿನ ಆಸೆ ಇಪ್ಪತ್ತು ಸಾವಿರಕ್ಕೆ ಇಳಿದ ಮಾತ್ರಕ್ಕೆ ಮೂರ್ಛೆ ಇಳಿಯಿತೆನ್ನಲು ಆಧಾರವಿಲ್ಲ. ಉಳಿದದ್ದು ಹಣ. ಆಸೆ ಹಾಗೆಯೇ ಇದ್ದು, ಅದರ ಜೊತೆಗೆ ಯಾರಾದರೂ ಗುರುತು ಹಿಡಿದಾರೇನೋ ಎಂಬ ಭಯವೂ ಸೇರಿಕೊಳ್ಳುತ್ತದೆ. ಪರಿಗ್ರಹ ಪರಿಮಾಣ ವ್ರತದಲ್ಲಿ ಇಂತಿಷ್ಟೇ ಇರಲಿ ಎಂದು ಮಿತಿ ಹಾಕಿಕೊಂಡವನು ಆ ಮಿತಿಯನ್ನು ಮೀರಿದ ಸಿರಿಯ ವೇಷವನ್ನು ತೊಡುವುದು ವ್ರತವನ್ನು ಅಣಕಿಸಿದಂತೆಯೇ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಅದಕ್ಕೆ ಉತ್ತರಿಸದೆ ಮುಂದುವರಿಯುವುದು ತರವಲ್ಲ. ‘ಪ್ರತಿಕೃತಿಯೇ ದೋಷವಾದರೆ ಜಿನಬಿಂಬಗಳೇನು? ಬೆಳಗೊಳದ ಗೊಮ್ಮಟನನ್ನು ನೋಡಿ ಕಾರ್ಕಳದವರು ಮಾಡಲಿಲ್ಲವೇ, ಕಾರ್ಕಳವನ್ನು ನೋಡಿ ವೇಣೂರಿನವರು ಮಾಡಲಿಲ್ಲವೇ?’ ಎಂದು ಚುರುಕಾದ ತರುಣರು ಕೇಳುತ್ತಾರೆ. ಹೌದು, ಮಾಡಿದರು. ಚಾವುಂಡರಾಯನು ಸುಮಾರು ೯೮೧ರಲ್ಲಿ ವಿಂಧ್ಯಗಿರಿಯ ಮೇಲೆ ಸುಮಾರು ೫೮ ಅಡಿಯ ಮೂರ್ತಿಯನ್ನು ನಿಲ್ಲಿಸಿದನು. ವೀರಪಾಂಡ್ಯ ಭೈರರಸನು ೧೪೩೨ರಲ್ಲಿ ಕಾರ್ಕಳದಲ್ಲಿ ಸುಮಾರು ೪೨ ಅಡಿಯದನ್ನು, ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ವೇಣೂರಿನಲ್ಲಿ ಸುಮಾರು ೩೫ ಅಡಿಯದನ್ನು ನಿಲ್ಲಿಸಿದರು. ಆದರೆ ಕಾರ್ಕಳದ ಅರಸನು ತನ್ನ ಮೂರ್ತಿಯ ಪಕ್ಕದಲ್ಲಿ ಚಾವುಂಡರಾಯನ ಹೆಸರನ್ನು ಕೆತ್ತಿಸಲಿಲ್ಲ. ಯಾರು, ಯಾವ ಶಕವರ್ಷದಲ್ಲಿ, ಯಾರ ಉಪದೇಶದಿಂದ ಮಾಡಿಸಿದರೆಂಬುದನ್ನು ಅಲ್ಲಲ್ಲಿನ ಶಾಸನಗಳೇ ಹೇಳುತ್ತವೆ. ಕಾರ್ಕಳದ ಬೆಟ್ಟವನ್ನು ಹತ್ತಿದ ಯಾತ್ರಿಕನು ತಾನು ಬೆಳಗೊಳಕ್ಕೆ ಬಂದೆನೆಂದು ಮೋಸಹೋಗುವುದಿಲ್ಲ.

ನಿಕ್ಷೇಪಗಳನ್ನು ಬಲ್ಲವರು ಇದನ್ನು ಸ್ಥಾಪನೆಯೆಂದು ತಿಳಿಯುತ್ತಾರೆ. ಸ್ಥಾಪನೆಯಲ್ಲಿ ಮಾಡಿಸಿದವನಿಗೂ ಪೂಜಿಸುವವನಿಗೂ ಇದು ಸ್ಥಾಪನೆಯೆಂಬ ಅರಿವು ಇದ್ದೇ ಇರುತ್ತದೆ; ಶಿಲೆಯಲ್ಲಿ ಗುಣಸ್ಮರಣೆ ನಡೆಯುವುದು ಆ ಅರಿವಿನ ಮೇಲೆಯೇ. ಅರಿವನ್ನು ಅಳಿಸುವುದಕ್ಕೆಂದೇ ಮಾಡಿದ ಪ್ರತಿಕೃತಿಗೆ ಈ ಶಬ್ದವನ್ನು ಬಳಸುವುದು ಶಬ್ದಕ್ಕೇ ಅಪಚಾರ. ಇದೇ ನ್ಯಾಯದಿಂದ, ಬೇರೊಂದು ಗಡಿಯಾರದ ರೂಪವನ್ನು ಮೆಚ್ಚಿ ಅದರ ಹಾಗೆ ಮಾಡಿ ತನ್ನ ಹೆಸರನ್ನೇ ಬರೆದುಕೊಂಡವನ ಮೇಲೆ ಈ ಮಟ್ಟಿಗೆ ಯಾರ ದೂರೂ ಇಲ್ಲ.

ಈಗ ಮದುವೆಯ ಮನೆಗೆ ಬರಬೇಕು. ಈ ಪಿಡುಗು ಶ್ರಾವಕರ ಮನೆಗಳೊಳಗೆ ಕಾಲಿಟ್ಟದ್ದು ಹೆಚ್ಚಾಗಿ ಆ ಬಾಗಿಲಿನಿಂದ. ನಿಶ್ಚಿತಾರ್ಥದಲ್ಲಿ ಅಥವಾ ವರಪೂಜೆಯಲ್ಲಿ ಅಳಿಯನಿಗೆ ಉಂಗುರದೊಡನೆ ಕೈಗಡಿಯಾರ ತೊಡಿಸುವ ರೂಢಿ ನಾಡಿನಲ್ಲಿ ಹಳೆಯದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ೧೯೬೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಚ್.ಎಂ.ಟಿ. ಗಡಿಯಾರ ಕಾರ್ಖಾನೆಯು ಆ ಕಾಲದ ಅಸಂಖ್ಯ ಅಳಿಯಂದಿರ ಮುಂಗೈಯನ್ನು ಅಲಂಕರಿಸಿತು. ದಿನ ಬೆಳಗಾದರೆ ಕೀ ಕೊಡಬೇಕಾದ ಆ ಗಡಿಯಾರಗಳು ಕೆಲವು ಮನೆಗಳಲ್ಲಿ ಇನ್ನೂ ನಡೆಯುತ್ತಿವೆ, ಹೆಚ್.ಎಂ.ಟಿ.ಯ ಗಡಿಯಾರ ಸಂಸ್ಥೆ ಮಾತ್ರ ೨೦೧೬ರಲ್ಲಿ ಮುಚ್ಚಿಹೋಯಿತು. ವರದಕ್ಷಿಣೆಯನ್ನು ನಿಷೇಧಿಸಿದ ಕಾಯ್ದೆಯೂ ಅದೇ ೧೯೬೧ರದೆಂಬುದು ಕಾಕತಾಳೀಯ. ಕಾಯ್ದೆ ಬಂದ ಮೇಲೆ ನಗದಿನ ಮಾತು ತಗ್ಗಿ, ‘ನಮ್ಮದೇನೂ ಬೇಡಿಕೆಯಿಲ್ಲ, ಹುಡುಗನಿಗೆ ಒಂದು ಒಳ್ಳೆಯ ವಾಚು ಹಾಕಿಬಿಡಿ’ ಎಂಬ ಮೃದುವಾದ ಭಾಷೆ ಹುಟ್ಟಿಕೊಂಡಿತು. ಒಳ್ಳೆಯ ವಾಚೆಂದರೆ ಯಾವುದೆಂಬುದನ್ನು ಹುಡುಗನ ಗೆಳೆಯರ ಬಳಗ ತೀರ್ಮಾನಿಸುತ್ತದೆ.

ಕನ್ಯಾಪಿತನು ಸಾಧಾರಣ ವ್ಯಾಪಾರಸ್ಥ ಅಥವಾ ಅಡಿಕೆ ತೋಟದ ಯಜಮಾನ. ಕೇಳಿದ ಗಡಿಯಾರದ ನಿಜವಾದ ಬೆಲೆಯಲ್ಲಿ ಮದುವೆಯನ್ನೇ ಎರಡು ಸಲ ಮಾಡಬಹುದೆಂದು ತಿಳಿದಾಗ ಅವನು ಬಂಧುವೊಬ್ಬರ ಸಲಹೆಯಂತೆ ಮುಂಬಯಿಯಿಂದಲೋ ದುಬೈನಿಂದಲೋ ಫಸ್ಟ್ ಕಾಪಿಯನ್ನು ತರಿಸುತ್ತಾನೆ. ಪೆಟ್ಟಿಗೆ, ಖಾತರಿಪತ್ರ, ಕೊನೆಗೆ ರಸೀತಿಯ ನಕಲು ಸಹ ಅದರೊಡನೆ ಬರುತ್ತವೆ. ಪುರೋಹಿತರ ಸಮ್ಮುಖದಲ್ಲಿ, ಜಿನಸ್ತುತಿಯಾದ ಬಳಿಕ, ಬೀಗರ ಮುಂದೆ ಅದನ್ನು ಅಳಿಯನ ಕೈಗೆ ತೊಡಿಸುತ್ತಾನೆ. ಬಾಯಲ್ಲಿ ಒಂದು ಸುಳ್ಳನ್ನೂ ಆಡಲಿಲ್ಲ ಎಂಬ ಸಮಾಧಾನ ಅವನಿಗೆ. ಪೆಟ್ಟಿಗೆ ಆಡಿತು, ಖಾತರಿಪತ್ರ ಆಡಿತು. ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆ, ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿದೆಯೆಂಬುದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಆರು ತಿಂಗಳ ತರುವಾಯ ಗಡಿಯಾರ ನಿಂತು, ಅಳಿಯನು ಅದನ್ನು ಅಧಿಕೃತ ಅಂಗಡಿಗೆ ಒಯ್ದು, ಅಲ್ಲಿನ ನೌಕರನು ಹಿಂಬದಿಯ ಮುಚ್ಚಳ ತೆರೆದು ನೋಡಿ ಮೌನವಾಗಿ ಹಿಂದಿರುಗಿಸಿದಾಗ, ಅದರ ಫಲವನ್ನು ಅನುಭವಿಸುವವಳು ಆ ಮನೆಯಲ್ಲಿ ಸೊಸೆಯಾಗಿರುವ ಹುಡುಗಿ.

ಇಲ್ಲಿ ತಂದೆಯನ್ನು ಮಾತ್ರ ದೂಷಿಸುವುದು ಅನ್ಯಾಯ. ಅವನ ಕೈಗೆ ಆ ಪೆಟ್ಟಿಗೆಯನ್ನು ಕೊಟ್ಟವರು ಬೀಗರೇ. ಪ್ರೇರಣೆಯನ್ನೂ ಶಾಸ್ತ್ರ ಬಿಟ್ಟಿಲ್ಲ. ಸ್ತೇನಪ್ರಯೋಗವೆಂಬ ಮೊದಲನೆಯ ಅತಿಚಾರವೇ ಅದು. ಶಕ್ತಿಗೆ ಮೀರಿದ್ದನ್ನು ಕೇಳಿದವರು, ಬಂದದ್ದು ನಕಲೆಂದು ತಿಳಿದಾಗ ‘ನಮಗೆ ಮೋಸವಾಯಿತು’ ಎಂದು ಕೂಗುವುದಕ್ಕೆ ಯಾವ ಅಧಿಕಾರವನ್ನೂ ಉಳಿಸಿಕೊಂಡಿರುವುದಿಲ್ಲ. ಸಾವಿರ ರೂಪಾಯಿಯ ಗಡಿಯಾರವನ್ನು ಸಾವಿರ ರೂಪಾಯಿಯದೆಂದೇ ಕೊಟ್ಟು, ಅಷ್ಟನ್ನೇ ಸಂತೋಷದಿಂದ ತೆಗೆದುಕೊಳ್ಳುವ ಬೀಗತನ ಇನ್ನೂ ಸತ್ತಿಲ್ಲ. ಆದರೆ ಅದರ ವಿಷಯ ಮದುವೆಮನೆಯಲ್ಲಿ ಯಾರೂ ಎತ್ತಿ ಹೇಳುವುದಿಲ್ಲ.

ಇಷ್ಟು ಹೇಳಿದ್ದರಿಂದ ಮೂಲ ಗಡಿಯಾರವನ್ನು ಕಟ್ಟಿದವರಿಗೆ ನಿರ್ದೋಷಿಯೆಂಬ ಪ್ರಮಾಣಪತ್ರ ಸಿಕ್ಕಿತೆಂದು ತಿಳಿಯಬೇಕಾಗಿಲ್ಲ. ಸಮಯ ನೋಡಲು ಬೇಡವಾದ ಯಂತ್ರಕ್ಕೆ ಒಂದು ಪಾಠಶಾಲೆಯ ಕಟ್ಟಡದ ಬೆಲೆಯನ್ನು ತೆರುವ ಶ್ರಾವಕನು ತನ್ನ ವ್ರತದ ಮಿತಿಯನ್ನು ತಾನೇ ನೋಡಿಕೊಳ್ಳಬೇಕು. ಆದರೂ ಅವನ ದೋಷ ಒಂದೇ. ಕುಶಲಿಗೆ ಕೂಲಿ ಸಂದಿದೆ, ಹೆಸರಿನ ಒಡೆಯನಿಗೆ ಬೆಲೆ ಸಂದಿದೆ, ನೋಡುವವನಿಗೆ ಕಂಡದ್ದು ಇದ್ದದ್ದೇ. ಪ್ರತಿಯನ್ನು ಕಟ್ಟಿದವನಲ್ಲಿ ಪರಿಗ್ರಹದ ಆಸೆ, ಅಸತ್ಯ, ಚೌರ್ಯ ಮೂರೂ ಒಂದೇ ಪಟ್ಟಿಯಲ್ಲಿ ಬಿಗಿಯಲ್ಪಟ್ಟಿವೆ. ಮೂಲ ಮತ್ತು ಪ್ರತಿಗಳ ತುಲನೆಯಲ್ಲಿ ಭೂತಗನ್ನಡಿಗೆ ಕಾಣದ ವ್ಯತ್ಯಾಸ ಇದು.

ಬಸದಿಗಳ ಮತ್ತು ಕ್ಷೇತ್ರಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾಲಿದೆ. ದಾನಿಗಳನ್ನು ಸನ್ಮಾನಿಸುವಾಗ ಶಾಲು, ಫಲತಾಂಬೂಲಗಳ ಜೊತೆಗೆ ಪ್ರಸಿದ್ಧ ಹೆಸರಿನ ಗಡಿಯಾರ ಕೊಡುವ ಚಪಲ ಕೆಲವೆಡೆ ಕಾಣಿಸಿಕೊಂಡಿದೆ; ಸಗಟು ದರದಲ್ಲಿ ಸಿಕ್ಕಿತೆಂದು ತಂದದ್ದು ಏನೆಂಬುದನ್ನು ಪರೀಕ್ಷಿಸಿದವರು ಕಡಿಮೆ. ದಾನವಾಗಿ ಬಂದ ಬೆಲೆಬಾಳುವ ವಸ್ತುಗಳನ್ನು ಹರಾಜು ಹಾಕಿ ಹಣವನ್ನು ಜೀರ್ಣೋದ್ಧಾರಕ್ಕೆ ಬಳಸುವ ಪದ್ಧತಿಯೂ ಇದೆ. ದಾನಿಯ ಮುಂಗೈಯಿಂದ ಭಕ್ತಿಯ ಭರದಲ್ಲಿ ಬಿಚ್ಚಿಬಂದ ಗಡಿಯಾರ ನಕಲಾಗಿದ್ದು, ಟ್ರಸ್ಟು ಅದನ್ನು ಮೂಲದ ಹೆಸರಿನಲ್ಲಿ ಕೂಗಿ ಮಾರಿದರೆ, ಪ್ರತಿರೂಪಕ ವ್ಯವಹಾರ ಬಸದಿಯ ಜಗಲಿಯ ಮೇಲೆಯೇ ನಡೆದಂತಾಯಿತು. ರಾಜ್ಯದ ಕಟ್ಟಳೆಯೂ ಇಲ್ಲಿ ಸುಮ್ಮನಿಲ್ಲ. ೧೯೯೯ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ ೧೦೩ ಮತ್ತು ೧೦೪ನೆಯ ಕಲಮುಗಳಂತೆ ಸುಳ್ಳು ಚಿಹ್ನೆಯನ್ನು ಹಾಕುವುದಕ್ಕೂ ಅಂಥ ಸರಕನ್ನು ಮಾರುವುದಕ್ಕೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ತಕ್ಕ ಎಚ್ಚರ ವಹಿಸಿಯೂ ಅನುಮಾನಕ್ಕೆ ಕಾರಣವಿರಲಿಲ್ಲ, ಯಾರಿಂದ ಬಂತೆಂಬುದನ್ನು ಕೇಳಿದಾಗ ತಿಳಿಸಿದೆವು ಎಂದು ತೋರಿಸಬಲ್ಲ ಮಾರಾಟಗಾರನಿಗೆ ವಿನಾಯಿತಿಯುಂಟು. ಎಚ್ಚರವನ್ನೇ ವಹಿಸದ ಟ್ರಸ್ಟು ಅದನ್ನು ಹೇಳಲಾರದು. ಈ ಕಲಮುಗಳು ಸ್ವಂತಕ್ಕೆ ಕೊಂಡವನನ್ನು ಹಿಡಿಯುವುದಿಲ್ಲ. ಸ್ವಿಟ್ಜರ್ಲೆಂಡಾದರೋ ೨೦೦೮ರ ಜುಲೈ ೧ರಿಂದ, ಸ್ವಂತ ಬಳಕೆಗೆ ತಂದ ನಕಲು ಗಡಿಯಾರವನ್ನು ಸಹ ಸುಂಕದ ಕಟ್ಟೆಯಲ್ಲಿ ಕಿತ್ತುಕೊಳ್ಳುವ ಅಧಿಕಾರವನ್ನು ಪಡೆದಿದೆ.

ಆದುದರಿಂದ ದಾನವಾಗಿ ಬಂದ ಗಡಿಯಾರಕ್ಕೆ ರಸೀತಿ ಬರೆಯುವಾಗ ಸಂಸ್ಥೆಯ ಹೆಸರನ್ನೂ ಬೆಲೆಯನ್ನೂ ನಮೂದಿಸದೆ, ‘ಕೈಗಡಿಯಾರ ಒಂದು, ಪರೀಕ್ಷೆಯಾಗಬೇಕಾಗಿದೆ’ ಎಂದಷ್ಟೇ ಬರೆಯುವುದು ಕ್ಷೇಮ. ತಜ್ಞರಿಗೆ ತೋರಿಸಿ, ಮೂಲವೆಂದು ಲಿಖಿತವಾಗಿ ತಿಳಿದ ಮೇಲೆಯೇ ಹರಾಜಿನ ಪಟ್ಟಿಗೆ ಸೇರಿಸಬೇಕು. ನಕಲೆಂದು ಕಂಡರೆ ದಾನಿಯನ್ನು ಏಕಾಂತದಲ್ಲಿ ಕರೆದು, ಸಭೆಯಲ್ಲಿ ಅವಮಾನವಾಗದಂತೆ, ವಿಷಯವನ್ನು ತಿಳಿಸಬೇಕು, ಅವನೂ ಮೋಸಹೋದವನಿರಬಹುದು. ಮರಳಿ ಕೊಂಡೊಯ್ಯುವುದಿಲ್ಲವೆಂದರೆ, ಇನ್ನೊಬ್ಬರ ಕೈಸೇರದಂತೆ ಇಬ್ಬರು ಸದಸ್ಯರ ಎದುರಿನಲ್ಲಿ ಅದನ್ನು ಒಡೆಸಿ, ನಡಾವಳಿ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು. ಹಣ ಕಳೆದುಹೋಯಿತೆಂದು ಮರುಗುವ ಸದಸ್ಯರು ಮಂಡಳಿಯಲ್ಲಿ ಒಬ್ಬರಾದರೂ ಇರುತ್ತಾರೆ. ಒಡೆಸಿದ ವಸ್ತುವಿಗೆ ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಎಂದೂ ಬೆಲೆ ಬಿದ್ದಿರಲಿಲ್ಲವೆಂಬುದನ್ನು ಅವರಿಗೆ ರಸೀತಿಯ ಪ್ರತಿಯಿಂದಲೇ ತೋರಿಸಬಹುದು.